ಗ್ರಹವೋ, ಭ್ರಮೆಯೋ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಇದರ ಬೆಲೆಯನ್ನು ಅರಿಯಲು ಬರ್ನಾರ್ಡನ ನಕ್ಷತ್ರದ ಕಥೆಗಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು.

ಗ್ರಹವು ಸುತ್ತುವಾಗ ಅದರ ಸೆಳೆತಕ್ಕೆ ನಕ್ಷತ್ರವೂ ತುಸು ಓಲಾಡುತ್ತದೆ. ಗ್ರಹ ಕಾಣದಿದ್ದರೂ ಆ ಓಲಾಟದಿಂದ ಅದರ ಇರವನ್ನು ಊಹಿಸಬಹುದು. ಸುಮಾರು 6 ಜ್ಯೋತಿರ್ವರ್ಷ ದೂರದ ಈ ಕೆಂಪು ತಾರೆಗೆ ಗುರುವಿಗಿಂತ ದೊಡ್ಡ ಗ್ರಹವೊಂದುಂಟೆಂದು ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡಿ ಕ್ಯಾಂಪ್ 1963ರಲ್ಲಿ ಸಾರಿದರು. ದಶಕಗಳ ಛಾಯಾಚಿತ್ರ ಫಲಕಗಳು ಅವರಿಗೆ ಆಧಾರ. ಆದರೆ 1973ರಲ್ಲಿ ಗೇಟ್‌ವುಡ್ ಮತ್ತು ಐಕ್‌ಹಾರ್ನ್ ಬೇರೆ ದೂರದರ್ಶಕಗಳ ಫಲಕಗಳನ್ನು ಅಳೆದಾಗ ಆ ಓಲಾಟವೇ ಇರಲಿಲ್ಲ. ಸ್ಪ್ರೌಲಿನ ಮಸೂರವನ್ನು ಸರಿಪಡಿಸಿದ ಕಾಲದಲ್ಲಿ ಬೇರೆ ತಾರೆಗಳೂ ಹಾಗೆಯೇ ಜರುಗಿದಂತೆ ಕಂಡಿದ್ದವು! ದೋಷ ಆಕಾಶದಲ್ಲಿರಲಿಲ್ಲ, ಉಪಕರಣದಲ್ಲಿತ್ತು.

2018ರಲ್ಲಿ ಮತ್ತೊಂದು ಗ್ರಹದ ಸುದ್ದಿ ಬಂದಿತು. ನಕ್ಷತ್ರ ನಮ್ಮತ್ತ ಬಂದಾಗ ಅದರ ಬೆಳಕಿನ ರೇಖೆಗಳು ನೀಲಿಯ ಕಡೆಗೂ, ದೂರ ಸರಿದಾಗ ಕೆಂಪಿನ ಕಡೆಗೂ ಜರುಗುತ್ತವೆ. ಈ ಜರುಗಾಟದಲ್ಲಿ 233 ದಿನಗಳ ಲಯವೊಂದು ಕಂಡಿತ್ತು. ಈ ಸಲ ಉಪಕರಣ ಸುಳ್ಳಾಡಲಿಲ್ಲ, ನಕ್ಷತ್ರವೇ ಮೋಸಗೊಳಿಸಿತು. ಅದು ಸುಮಾರು 145 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಅದರ ಮೈಮೇಲಿನ ಚಟುವಟಿಕೆಯೂ ರೇಖೆಗಳನ್ನು ಜರುಗಿಸಬಲ್ಲದು. ಆ ಲಯವು ನಮ್ಮ ವೀಕ್ಷಣೆಯ ವಾರ್ಷಿಕ ಲಯದೊಡನೆ ಬೆರೆತು 233 ದಿನಗಳ ವೇಷ ತೊಟ್ಟಿತ್ತೆಂದು 2021ರಲ್ಲಿ ತೋರಿಸಲಾಯಿತು.

ಕೊನೆಗೆ 2024ರಲ್ಲಿ ಚಿಲಿ ದೇಶದ ಎಸ್ಪ್ರೆಸ್ಸೊ ಉಪಕರಣಕ್ಕೆ 3.15 ದಿನಗಳ ಲಯವೊಂದು ಸಿಕ್ಕಿತು. ಹವಾಯಿಯ ಮಾರೂನ್-ಎಕ್ಸ್ ಕೂಡ ಅದನ್ನೇ ಕಂಡಿತು. 2025ರಲ್ಲಿ ಎರಡರ ಅಳತೆಗಳನ್ನೂ ಕೂಡಿಸಿ, ಭೂಮಿಗಿಂತ ಹಗುರವೆಂದು ತೋರುವ ನಾಲ್ಕು ಗ್ರಹಗಳಿವೆಯೆಂದು ನಿರ್ಧರಿಸಲಾಯಿತು.

"ಕಂಡುಹಿಡಿಯುವವನೇ ದೊಡ್ಡವನು, ಖಂಡಿಸುವವನು ಬರಿಯ ಕೊಂಕುಗಾರ" ಎನ್ನುವವರುಂಟು. ನಾನು ಇದನ್ನು ಒಪ್ಪಲಾರೆ. ಸುಳ್ಳು ಗ್ರಹಗಳನ್ನು ಅಳಿಸಿದವರೇ ನಿಜವಾದ ಗ್ರಹದ ಲಕ್ಷಣವನ್ನು ಕಲಿಸಿದರು: ನಕ್ಷತ್ರದ ಸ್ವಂತ ಲಯವನ್ನು ಕಳೆದ ಮೇಲೂ ಅದು ಉಳಿಯಬೇಕು, ಬೇರೆ ಉಪಕರಣಕ್ಕೂ ಕಾಣಬೇಕು. ಒಂದೇ ದೂರದರ್ಶಕದಿಂದ ಸಾವಿರ ಸಲ ನೋಡಿದರೂ ಸಾಕ್ಷಿ ಒಂದೇ.

ಇದು ಕಲಾ ವಿಭಾಗದ ನಮಗೂ ಸಲ್ಲುವ ಮಾತು. ಒಬ್ಬ ಇತಿಹಾಸಕಾರನ ಹೇಳಿಕೆಯನ್ನು ಹತ್ತು ಪುಸ್ತಕಗಳು ನಕಲು ಮಾಡಿದರೆ ಅವು ಹತ್ತು ಆಧಾರಗಳಾಗುವುದಿಲ್ಲ. ನಾವೋ ಹತ್ತನ್ನೂ ಎಣಿಸಿ ಪ್ರಬಂಧ ಬರೆಯುತ್ತೇವೆ. "ಇದು ಮೊದಲು ಎಲ್ಲಿಂದ ಬಂತು?" ಎಂದು ಕೇಳುವ ವಿದ್ಯಾರ್ಥಿಯನ್ನು ಅಧಿಕಪ್ರಸಂಗಿ ಎನ್ನದೆ, ಅವನಿಗೂ ತರಗತಿಯಲ್ಲಿ ಮನ್ನಣೆ ದೊರೆಯಲಿ.