ರೂಟರ್ ಮೂಕವಲ್ಲ, ಅದರ ಬಾಯಿ ಕಟ್ಟಲಾಗಿದೆ!



ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇಂಟರ್‌ನೆಟ್ ನಿಂತು ವಾರ ಕಳೆದಿರುತ್ತದೆ. ವಿಚಾರಿಸಿದರೆ ಗುತ್ತಿಗೆದಾರರು "ನಮಗೆ ದೂರೇ ಬಂದಿಲ್ಲ" ಎನ್ನುತ್ತಾರೆ. ಈ ಉತ್ತರವನ್ನು ದಯವಿಟ್ಟು ಒಪ್ಪಬೇಡಿ. ದೂರು ಕೊಡಲು ರೂಟರಿಗೇ ಬರುತ್ತದೆ!

ಮನೆಬಳಕೆಯ ಅಗ್ಗದ ರೂಟರುಗಳ ಮಾತು ಬೇರೆ. ಸಂಸ್ಥೆಗಳಿಗೆಂದು ಮಾರುವ ರೂಟರುಗಳಲ್ಲಿ ಸಾಮಾನ್ಯವಾಗಿ ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆ ಇರುತ್ತದೆ. ಇದು 1988ರಷ್ಟು ಹಳೆಯದು. ಒಂದು ಕೊಂಡಿ ಕಡಿದರೆ, ಯಂತ್ರ ಆರಿ ಮತ್ತೆ ಚಾಲೂ ಆದರೆ, ರೂಟರ್ 'ಟ್ರ್ಯಾಪ್' ಎಂಬ ಎಚ್ಚರಿಕೆಯನ್ನು ತಾನಾಗಿಯೇ ಕಳಿಸಬಲ್ಲದು. ಸಿಸ್‌ಲಾಗ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಸಂದೇಶಗಳಿಗೆ 0ಯಿಂದ 7ರವರೆಗೆ ದರ್ಜೆಗಳಿವೆ. 0 ಅತಿ ಗಂಭೀರ, 7 ಕೇವಲ ದುರಸ್ತಿಯವರ ವಿವರ. ಆದರೆ ಯಾವ ವಿಳಾಸಕ್ಕೆ, ಯಾವ ದರ್ಜೆಯವರೆಗೆ ಕಳಿಸಬೇಕೆಂದು ಯಾರಾದರೂ ರೂಟರಿನಲ್ಲಿ ನಮೂದಿಸಬೇಕು. ಕೆಲವೇ ಸಾಲುಗಳ ಕೆಲಸ. ಅದನ್ನೂ ಮಾಡದೆ ಬಿಲ್ಲು ಪಡೆಯುವುದು ಯಾವ ನ್ಯಾಯ?

"ಟ್ರ್ಯಾಪ್ ಹಾಕಿದ್ದೇವೆ, ಸಾಕು" ಎಂದರೂ ನಂಬಬೇಡಿ. ಟ್ರ್ಯಾಪ್ ತಲುಪಿತೇ ಎಂದು ರೂಟರ್ ವಿಚಾರಿಸುವುದಿಲ್ಲ; ಉತ್ತರ ಕಾಯುವ 'ಇನ್‌ಫಾರ್ಮ್' ಬೇರೆಯೇ ಇದೆ. ಅದಕ್ಕಿಂತ ಮುಖ್ಯವಾಗಿ, ಇರುವ ಒಂದೇ ತಂತಿ ಕಡಿದ ಮೇಲೆ ಅದೇ ತಂತಿಯಲ್ಲಿ ಸುದ್ದಿ ಹೋದೀತೇ? ಕರೆಂಟು ಹೋದ ರೂಟರ್ ಕೂಗೀತೇ? ಆದ್ದರಿಂದ ಹೊರಗಿನ ಕಂಪ್ಯೂಟರೊಂದು ಐದು ನಿಮಿಷಕ್ಕೊಮ್ಮೆ ರೂಟರನ್ನು ಮಾತಾಡಿಸಿ, ಉತ್ತರ ಬಾರದಿದ್ದರೆ ಎಚ್ಚರಿಸಬೇಕು. ಮೌನವನ್ನು ಕ್ಷೇಮವೆಂದು ತಿಳಿಯುವುದೇ ದೊಡ್ಡ ಮೋಸ.

ಎಲ್ಲ ದರ್ಜೆಯ ಸಂದೇಶಗಳನ್ನೂ ಸುರಿಯುವುದು ಇನ್ನೊಂದು ಬಗೆಯ ಅಲಕ್ಷ್ಯ. ದಿನಕ್ಕೆ ನೂರು ಎಚ್ಚರಿಕೆ ಬಂದರೆ ನೂರೊಂದನೆಯದನ್ನು ಯಾರು ಓದುತ್ತಾರೆ? ಹಾಗೆಯೇ, ಕಾರ್ಖಾನೆಯಿಂದ ಬಂದ 'ಪಬ್ಲಿಕ್' ಎಂಬ ಗುಪ್ತಪದವನ್ನು ಬದಲಿಸದೆ ಬಿಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ತೂಗುಹಾಕಿದಂತೆ. ಗುರುತು ಪರೀಕ್ಷಿಸಿ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವ ಮೂರನೇ ಆವೃತ್ತಿ 2002ರಲ್ಲೇ ಪೂರ್ಣ ಮಾನದಂಡವಾಗಿದೆ.

ನಮ್ಮ ಶಾಲೆಗಳು ಗಡಿಯಂಚಿನಲ್ಲಿವೆ. ರಾಜಧಾನಿಯ ಕಚೇರಿಗೆ ನಮ್ಮ ಕತ್ತಲೆ ತಾನಾಗಿ ಕಾಣುವುದಿಲ್ಲ. ಆದ್ದರಿಂದ ಮುಂದಿನ ಪಾಲಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ರೂಟರಿನ ಎಚ್ಚರಿಕೆ ಯಾರಿಗೆ ಹೋಗುತ್ತದೆ? ಮುಖ್ಯೋಪಾಧ್ಯಾಯರಿಗೂ ಬರುತ್ತದೆಯೇ? ಎಷ್ಟು ಹೊತ್ತಿನೊಳಗೆ ದುರಸ್ತಿ? ಉತ್ತರಗಳನ್ನು ಗುತ್ತಿಗೆ ಪತ್ರದಲ್ಲಿ ಬರೆಸಿ. ಬಳಿಕ ಎಲ್ಲರೆದುರು ಒಮ್ಮೆ ತಂತಿ ಕೀಳಿಸಿ ನೋಡಿ. ಎಚ್ಚರಿಕೆ ಬಂದರೆ ಸಹಿ, ಬಾರದಿದ್ದರೆ ಸಹಿಯಿಲ್ಲ!