ಬ್ರೂನೋ ಕೊಡುವ ನಡತೆ ಪ್ರಮಾಣಪತ್ರ

ಬೆಳಗಿನ ವಾಕಿಂಗ್‌ನಲ್ಲಿ ನಾಯಿ ಯಾರನ್ನೋ ನೋಡಿ ಬೊಗಳಿದರೆ ಚೈನು ಹಿಡಿದವರ ಮುಖದಲ್ಲಿ ಸಣ್ಣ ಹೆಮ್ಮೆ: ‘ನಮ್ಮ ಬ್ರೂನೋಗೆ ಜನರ ಬುದ್ಧಿ ಕೂಡಲೇ ಗೊತ್ತಾಗಿಬಿಡುತ್ತೆ ಸಾರ್.’ ಹಾಗಾದರೆ ಬೆಂಗಳೂರಿನ ಕೆಟ್ಟವರೆಲ್ಲ ಹೆಲ್ಮೆಟ್ ಹಾಕಿ, ಗೋಣಿಚೀಲ ಹೊತ್ತು, ಉದ್ದ ಪೊರಕೆ ಹಿಡಿದೇ ತಿರುಗುತ್ತಾರೆ ಎನ್ನಬೇಕು. ಬ್ರೂನೋ ಬೊಗಳುವುದು ಡೆಲಿವರಿ ಹುಡುಗನಿಗೆ, ಚಿಂದಿ ಆಯುವವನಿಗೆ, ಪೌರಕಾರ್ಮಿಕರಿಗೆ. ಕೆರೆ ನುಂಗಿ ಲೇಔಟ್ ಮಾಡಿದವರು ಟ್ರ್ಯಾಕ್ ಪ್ಯಾಂಟಿನಲ್ಲಿ ಹಾದುಹೋದರೆ ಬಾಲ ಅಲ್ಲಾಡಿಸುತ್ತದೆ.

ನಾಯಿಗೆ ಕಾಣುವುದು ಗುಣವಲ್ಲ, ಆಕಾರ. ಹುಟ್ಟಿದ 3ನೇ ವಾರದಿಂದ ಸುಮಾರು 12–14ನೇ ವಾರದವರೆಗೆ ಮರಿ ಯಾರನ್ನು ನೋಡಿ ಪಳಗುತ್ತದೋ ಅವರೇ ಅದರ ಪಾಲಿಗೆ ಮನುಷ್ಯರು. ಫ್ಲ್ಯಾಟಿನ ಮರಿಗಳಿಗೆ ಆ ವಾರಗಳು ‘ಲಸಿಕೆ ಮುಗಿಯಲಿ’ ಎನ್ನುತ್ತ ಬಾಲ್ಕನಿಯಲ್ಲೇ ಕಳೆದುಹೋಗುತ್ತವೆ. ಆಮೇಲೆ ಕೋಲೂರುವ ಅಜ್ಜ, ಬಿಚ್ಚಿದ ಕೊಡೆ, ರೇನ್‌ಕೋಟು ಎಲ್ಲವೂ ಭೂತವೇ. ಹೆಲ್ಮೆಟ್ ಹಾಕಿದವನಿಗಂತೂ ಮುಖವೇ ಇಲ್ಲ. ನಮ್ಮ ಮುಖ ನೋಡಿಯೇ ಬದುಕುವ ಪ್ರಾಣಿ ಗಾಬರಿಯಾಗದೆ ಏನು ಮಾಡೀತು?

ಮೂಗಿನ ಮಾತೂ ಇದೆ. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಕೆಲವರಿಗೆ ಕಷ್ಟದ ಲೆಕ್ಕ ಕೊಟ್ಟು, ಅದಕ್ಕೆ ಮೊದಲು ಮತ್ತು ಆಮೇಲೆ ಅವರ ಬೆವರು, ಉಸಿರಿನ ಮಾದರಿ ತೆಗೆದು ನಾಯಿಗಳ ಮುಂದಿಟ್ಟರು. ತರಬೇತಿ ಪಡೆದ ನಾಯಿಗಳು ನೂರಕ್ಕೆ 90ಕ್ಕೂ ಹೆಚ್ಚು ಸಲ ಒತ್ತಡದ ವಾಸನೆಯನ್ನೇ ಆರಿಸಿದವು. ಒಮ್ಮೆ ಕಚ್ಚಿಸಿಕೊಂಡವನು ಮೈ ಬಿಗಿಹಿಡಿದು, ನಾಯಿಯನ್ನೇ ದಿಟ್ಟಿಸುತ್ತ ನಡೆಯುತ್ತಾನಲ್ಲ, ಅವನ ಕಳವಳವೂ ಹೀಗೆ ಮೂಗಿಗೆ ಬಡಿಯಬಹುದು. ಪಾಪ, ಹೆದರಿದ್ದಕ್ಕೇ ಕಳ್ಳನ ಪಟ್ಟ.

ಆದರೆ ದೊಡ್ಡ ಸುಳಿವು ಬರುವುದು ಚೈನಿನ ಈ ತುದಿಯಿಂದ. ಚೀಲ ಹೊತ್ತವನು ಕಂಡಾಕ್ಷಣ ನಾವೇ ಚೈನು ಎಳೆದು ಗಿಡ್ಡ ಮಾಡುತ್ತೇವೆ. ಏನೋ ಅಪಾಯವಿದೆ ಎಂದು ನಾಯಿಗೆ ತಲುಪಿತು. ದೂರ ಸರಿಯುವ ದಾರಿಯೂ ಮುಚ್ಚಿತು. ಉಳಿದದ್ದು ಬೊಗಳುವುದು. ಆತ ತನ್ನ ಪಾಡಿಗೆ ಕೆಲಸಕ್ಕೆ ಹೊರಟುಹೋಗುತ್ತಾನೆ. ನಾಯಿ ಮಾತ್ರ ತಾನೇ ಓಡಿಸಿದೆ ಎಂದುಕೊಳ್ಳುತ್ತದೆ. ದಿನಾ ಗೆಲ್ಲುವ ಆಟವನ್ನು ಯಾರು ಬಿಟ್ಟಾರು?

ಹೆದರಿದವನಿಗೆ ‘ಏನೂ ಮಾಡಲ್ಲ, ನೀವು ಹೋಗಿ’ ಎಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗುಡಿಸುವವರು ಬೀದಿ ಬಿಟ್ಟು ಎಲ್ಲಿಗೆ ಹೋಗಬೇಕು? ಚೈನು ಸಡಿಲ ಬಿಟ್ಟು ನೀವೇ ರಸ್ತೆ ದಾಟಿ. ನಾಯಿ ಬೊಗಳಲು ಶುರುಮಾಡದಷ್ಟು ದೂರದಲ್ಲಿ ನಿಂತು, ಅದು ಆಚೆಯವರನ್ನು ನೋಡಿದಾಗಲೆಲ್ಲ ಅದರ ಬಾಯಿಗೆ ಒಂದು ತುಣುಕು ತಿಂಡಿ ಹಾಕಿ. ವಾರಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ.

ಹೊಸ ಮರಿ ತಂದವರು ಪಶುವೈದ್ಯರನ್ನು ಕೇಳಿ, ನೆಲಕ್ಕಿಳಿಸದೆ ಎತ್ತಿಕೊಂಡೇ ಗೇಟಿನ ಬಳಿ ನಿಂತು ಹೋಗಿಬರುವವರನ್ನು ತೋರಿಸಬಹುದು. ಡೆಲಿವರಿ ಹುಡುಗನಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಹೆಲ್ಮೆಟ್ ಹಾಕಿಕೊಂಡು ಮನೆಯೊಳಗೆ ನಾಲ್ಕು ಸುತ್ತು ಹೊಡೆಯಿರಿ. ಮನೆಯವರು ನಕ್ಕರೆ ಅವರ ಕೈಗೊಂದು ಕೊಡೆ ಕೊಡಿ.