ಗಾಡಿಯೊಳಗಿನ ನಲ್ಲಿ, ಊರೊಳಗಿನ ನಲ್ಲಿ

ಶ್ರವಣಬೆಳಗೊಳಕ್ಕೆ ಹೆಸರನ್ನು ಕೊಟ್ಟದ್ದು ಒಂದು ಕೊಳ. ಬಿಳಿಯ ಕೊಳವೇ ಬೆಳ್ಗೊಳವಾಯಿತೆಂದು ಬಲ್ಲವರು ಹೇಳುತ್ತಾರೆ. ವಿಂಧ್ಯಗಿರಿಯ ಮೇಲೆ ಗೊಮ್ಮಟ ನಿಲ್ಲುವ ಮೊದಲೇ, ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನದ ಶಾಸನಗಳು ಮೂಡುವ ಮೊದಲೇ, ಆ ಎರಡು ಬೆಟ್ಟಗಳ ನಡುವೆ ನೀರಿದ್ದಿರಬೇಕು. ನೀರಿದ್ದುದರಿಂದ ಜನರಿದ್ದರು. ಜನರಿದ್ದುದರಿಂದ ಮಿಕ್ಕದ್ದೆಲ್ಲವೂ ಬಂದಿತು.

ಕಳೆದ ಬೇಸಿಗೆಯ ಒಂದು ಸಂಜೆ, ಆ ಊರಿನಿಂದ ಕೆಲವೇ ಮೈಲಿ ದೂರದ ಕೆರೆಯೊಂದರ ಏರಿಯ ಮೇಲೆ ಒಂದು ವ್ಯಾನು ನಿಂತಿತ್ತು. ಒಳಗೆ ಹಾಸಿಗೆ, ಒಲೆ, ಪುಟ್ಟ ತಂಗಳುಪೆಟ್ಟಿಗೆ. ಹಿಂಬಾಗಿಲಿಗೆ ಹಿತ್ತಾಳೆಯ ಹೊಳಪಿನ ಒಂದು ನಲ್ಲಿ. ಹಿಡಿಯನ್ನು ಮುಂದಕ್ಕೆ ಬಾಗಿಸಿದರೆ ನೊರೆಗಟ್ಟಿದ ತಣ್ಣನೆಯ ಬಿಯರು ಬರುತ್ತಿತ್ತು. ಒಡೆಯ ಬೆಂಗಳೂರಿನ ಯುವಕ, ಸಜ್ಜನ. ಮೊಳಕೆ ಬರಿಸಿದ ಬಾರ್ಲಿಯನ್ನು ತರಿಸಿ, ಮನೆಯಲ್ಲಿಯೇ ಕುದಿಸಿ, ಹುದುಗೇರಿಸಿ, ಹತ್ತೊಂಬತ್ತು ಲೀಟರಿನ ಉಕ್ಕಿನ ಪೀಪಾಯಿಗೆ ತುಂಬಿ, ಗಾಡಿಗೆ ನಲ್ಲಿಯನ್ನು ತಾನೇ ಜೋಡಿಸಿದ ಬಗೆಯನ್ನು ಆತ ಸಂಭ್ರಮದಿಂದ ವಿವರಿಸಿದ. ನಮಗೂ ಒಂದು ಲೋಟ ನೀಡಲು ಬಂದ. ಏರಿಯ ಕೆಳಗೆ ಊರಿನ ಬೀದಿ ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟಿದ್ದವು. ಆ ನಲ್ಲಿಗೆ ನೀರು ಇನ್ನೂ ಬಂದಿರಲಿಲ್ಲ.

ಹೊರಡುವ ಮುನ್ನ ಆತ ಪೀಪಾಯಿಯ ತಳದಲ್ಲಿ ಉಳಿದಿದ್ದ ಗಸಿಯನ್ನೂ ಕೊಳವೆ ತೊಳೆದ ನೀರನ್ನೂ ಕೆರೆಯ ಅಂಚಿಗೆ ಸುರಿದ. ನಾವು ತಡೆಯಲು ಹೋದಾಗ ನಕ್ಕು, “ಇದರಲ್ಲಿ ರಾಸಾಯನಿಕ ಏನೂ ಇಲ್ಲ ಸರ್, ಎಲ್ಲ ಸಾವಯವ. ಮೀನಿಗೆ ಒಳ್ಳೆಯ ಆಹಾರ” ಎಂದ.

ಈ ಲೇಖನ ಆ ಮಾತಿಗೆ ಉತ್ತರ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಜಗಳ ಕುಡಿತದ ಕುರಿತಾದದ್ದಲ್ಲ. ಜೈನ ಶ್ರಾವಕರು ಮದ್ಯ, ಮಾಂಸ, ಮಧು ಮೂರನ್ನೂ ತ್ಯಜಿಸಬೇಕೆಂಬುದು ಅವರ ಮೂಲಗುಣಗಳಲ್ಲಿ ಸೇರಿದೆ. ಹುದುಗಿದ ಪದಾರ್ಥದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ, ಅದನ್ನು ಕುಡಿಯುವುದು ಹಿಂಸೆ ಎಂಬುದು ಅವರ ತರ್ಕ. ಅದನ್ನು ಗೌರವಿಸುತ್ತೇವೆ, ಆದರೆ ಎಲ್ಲರ ಮೇಲೆ ಹೇರಬೇಕೆಂದು ನಾವು ಹೇಳುತ್ತಿಲ್ಲ. ತನ್ನ ಕೈಯಿಂದಲೇ ಏನನ್ನಾದರೂ ಮಾಡಿಕೊಳ್ಳುವ ಹಂಬಲವನ್ನು ನಾವು ಹೀಗಳೆಯುವವರೂ ಅಲ್ಲ. ಕಂಪನಿಯ ಸೀಸೆಗಿಂತ ಸ್ವಂತ ಪಾತ್ರೆ ಮೇಲೆಂಬ ಆತನ ವಾದದಲ್ಲಿ ಸತ್ಯಾಂಶವಿದೆ. ನಮ್ಮ ಪ್ರಶ್ನೆ ಬೇರೆಯದು: ಆ ಸಂತೋಷದ ತಳದಲ್ಲಿ ಉಳಿಯುವ ಗಸಿಯನ್ನು ಯಾರ ಕೆರೆಗೆ ಸುರಿಯಲಾಗುತ್ತಿದೆ?

‘ಸಾವಯವ’ವೆಂಬ ಪದದ ಹಿಂದೆ ಅವಿತುಕೊಳ್ಳುವುದು ನಮ್ಮ ಕಾಲದ ಒಂದು ಚಾಳಿಯಾಗಿಬಿಟ್ಟಿದೆ. ಕೊಳೆಯಬಲ್ಲ ವಸ್ತುವೆಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಣ್ಣುತ್ತವೆ. ಈ ಹಸಿವನ್ನೇ ವಿಜ್ಞಾನಿಗಳು ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಪಟ್ಟಣದ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ ಇರುತ್ತದೆ. ಸಂಸ್ಕರಿಸಿದ ತ್ಯಾಜ್ಯವನ್ನು ಹೊಳೆ ಕೆರೆಗಳಿಗೆ ಬಿಡಬೇಕಾದರೆ ಅದು 30 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಸಾಮಾನ್ಯ ಮಾನದಂಡ. ಬಿಯರಿನಲ್ಲಿಯಾದರೋ ಅದು ಸ್ಥೂಲವಾಗಿ ಲೀಟರಿಗೆ ಒಂದು ಲಕ್ಷ ಮಿಲಿಗ್ರಾಂ. ಯೀಸ್ಟಿನ ಗಸಿ ಅದಕ್ಕಿಂತ ಕಡಿಮೆಯದಲ್ಲ.

ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ತಳದ ಗಸಿ, ಉಕ್ಕಿಹೋದ ನೊರೆ, ರುಚಿ ಕೆಟ್ಟಿತೆಂದು ಚೆಲ್ಲಿದ್ದು ಎಲ್ಲವೂ ಸೇರಿ ಹತ್ತು ಲೀಟರ್ ಕೆರೆಗೆ ಬಿದ್ದಿತೆಂದು ಇಟ್ಟುಕೊಳ್ಳೋಣ. ಅದು ಕೇಳುವ ಆಮ್ಲಜನಕ ಒಂದು ಕಿಲೋಗ್ರಾಂ. ಬೇಸಿಗೆಯ ಬೆಚ್ಚನೆಯ ನೀರು ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಲೀಟರಿಗೆ ಸುಮಾರು ಎಂಟು ಮಿಲಿಗ್ರಾಂ. ಎಂದರೆ, ಒಂದು ಗಾಡಿಯ ಒಂದು ಸಂಜೆಯ ಉಳಿಕೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಲೀಟರ್ ನೀರಿನ ಉಸಿರನ್ನು ಹೀರಬಲ್ಲದು. ಹರಿವಿಲ್ಲದ, ತಳ ಕಂಡಿರುವ ಏಪ್ರಿಲ್ ತಿಂಗಳ ಕೆರೆಯಲ್ಲಿ ಇದು ಮೀನಿಗೆ ಆಹಾರವಲ್ಲ, ಉಸಿರುಗಟ್ಟುವಿಕೆ. ಇದರೊಂದಿಗೆ ಕೊಳವೆ ತೊಳೆಯುವ ಕಾಸ್ಟಿಕ್ ಸೋಡಾವನ್ನೂ ಸೋಂಕುನಿವಾರಕವನ್ನೂ ಸೇರಿಸಿಕೊಳ್ಳಿ. ‘ರಾಸಾಯನಿಕ ಏನೂ ಇಲ್ಲ’ವೆಂಬ ಮಾತು ಅಲ್ಲಿಗೆ ಮುಗಿಯಿತು. ಪೀಪಾಯಿಯನ್ನೂ ಕೊಳವೆಯನ್ನೂ ಮತ್ತೆ ಮತ್ತೆ ತೊಳೆಯದೆ ಈ ಹವ್ಯಾಸ ಒಂದು ದಿನವೂ ನಡೆಯದೆಂಬುದನ್ನು ಅದನ್ನು ಮಾಡುವವರೇ ಒಪ್ಪುತ್ತಾರೆ. ಆ ತೊಳೆಯುವ ನೀರು ಎಲ್ಲಿಯದು? ಏರಿಯ ಕೆಳಗೆ ಕೊಡಗಳು ಕಾಯುತ್ತಿದ್ದ ನಲ್ಲಿಯದೇ.

ಎರಡನೆಯ ಅಪಾಯ ಕೆರೆಯದಲ್ಲ, ಗಾಡಿಯೊಳಗೆ ಮಲಗುವವರದೇ. ನಲ್ಲಿಯಿಂದ ಬಿಯರನ್ನು ತಳ್ಳುವುದು ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ಎರಡೂಕಾಲು ಕಿಲೋಗ್ರಾಂ ಅನಿಲದ ಚಿಕ್ಕ ಸಿಲಿಂಡರೊಂದು ಸೋರಿದರೆ ಒಂದು ಘನ ಮೀಟರಿಗೂ ಮಿಕ್ಕಿದ ಅನಿಲ ಹೊರಬರುತ್ತದೆ. ಹತ್ತು ಘನ ಮೀಟರಿನ ಮುಚ್ಚಿದ ಗಾಡಿಯಲ್ಲಿ ಅದು ಗಾಳಿಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ಅಷ್ಟು ಪ್ರಮಾಣದಲ್ಲಿ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ಹಾಸಿಗೆಯ ಮಟ್ಟದಲ್ಲಿಯೇ ತಂಗುತ್ತದೆ. ಮೂವತ್ತೊಂದು ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಆ ಸಿಲಿಂಡರಿನೊಳಗಿನ ದ್ರವ ದ್ರವವಾಗಿ ಉಳಿಯದು, ಒತ್ತಡ ಏರತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗಿನ ಶಾಖವನ್ನು ನಾವು ಹೇಳಬೇಕಾಗಿಲ್ಲ. ಪಕ್ಕದಲ್ಲಿಯೇ ಅಡುಗೆ ಅನಿಲ. ಇಂಥ ಗಾಡಿ ಬಿಸಿಲೆ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಎದುರಿನಿಂದ ಶಾಲೆಯ ಮಕ್ಕಳ ಬಸ್ಸೂ ಬರುತ್ತಿರುತ್ತದೆ.

ಇನ್ನು ಕಾನೂನು. 1965 ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯವನ್ನು ತಯಾರಿಸುವಂತಿಲ್ಲ. ಬಿಯರೂ ಮದ್ಯವೇ. ಅಮೆರಿಕದಲ್ಲಿ 1978 ರ ಕಾನೂನು ಮನೆಬಳಕೆಗೆ ವರ್ಷಕ್ಕೆ ಇಂತಿಷ್ಟು ಗ್ಯಾಲನ್ ಎಂಬ ಮಿತಿಯೊಳಗೆ ಬಿಯರ್ ಮಾಡಿಕೊಳ್ಳಲು ತೆರಿಗೆಯಿಲ್ಲದ ಅವಕಾಶ ಕೊಟ್ಟಿತು. ಅಲ್ಲಿನ ಪುಸ್ತಕಗಳನ್ನು ಓದಿ ಇಲ್ಲಿಯೂ ಹಾಗೆಯೇ ಎಂದು ಭಾವಿಸುವವರಿದ್ದಾರೆ. 2019 ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ವಾಹನವನ್ನು ನಿಯಮಬಾಹಿರವಾಗಿ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಉಂಟು. ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅದೂ ಅಪರಾಧ. ಚಕ್ರದ ಮೇಲಿನ ಮನೆಗೆ ನಲ್ಲಿ ಜೋಡಿಸಿದವನು ರಾತ್ರಿ ಕುಡಿದು, ಮುಂಜಾನೆ ಯಾರೋ ಬಂದು ಗಾಡಿ ಸರಿಸಿ ಎಂದೊಡನೆ ಚಕ್ರ ಹಿಡಿಯುವ ಪ್ರಮೇಯ ಬಂದೇ ಬರುತ್ತದೆ.

ಆದರೆ ಕಾನೂನಿನ ಮಾತಿಗಿಂತ ನಮ್ಮನ್ನು ಹೆಚ್ಚು ಕಾಡುವುದು ಅದರ ಪಕ್ಷಪಾತ. 2007 ರ ಜುಲೈ 1 ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆ ನಿಷೇಧವನ್ನು ನಾವು ಟೀಕಿಸುತ್ತಿಲ್ಲ. ಸಾರಾಯಿಯಿಂದ ಮನೆಗಳು ಮುರಿದುದನ್ನು ಕಂಡ ಮಹಿಳೆಯರ ಹೋರಾಟವನ್ನು ನಾವು ಬಲ್ಲೆವು. ಕೂಲಿಯವನೊಬ್ಬ ಗುಡ್ಡದ ಮರೆಯಲ್ಲಿ ಬೆಲ್ಲದ ಕೊಳೆ ಹಾಕಿದರೆ ಅದು ಕಳ್ಳಭಟ್ಟಿ, ಅದಕ್ಕೆ ದಾಳಿ, ಮೊಕದ್ದಮೆ. ಅದೇ ಕೆಲಸವನ್ನು ಲಕ್ಷಾಂತರ ರೂಪಾಯಿಯ ಗಾಡಿಯಲ್ಲಿ ಮಾಡಿದರೆ ಅದು ಹವ್ಯಾಸ, ಅದಕ್ಕೆ ಮೆಚ್ಚುಗೆ, ಛಾಯಾಚಿತ್ರ. ಒಂದೇ ಕಾಯ್ದೆ ಎರಡು ಮುಖಗಳನ್ನು ಹೊಂದಿರಲು ಸಾಧ್ಯವೇ?

ಮಲೆನಾಡಿನವರಾದ ನಮಗೆ ಬಯಲಿನ ಕೆರೆಯ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಹೇಮಾವತಿ ಹುಟ್ಟುವುದು ಮೂಡಿಗೆರೆಯ ಕಡೆಯ ಬಲ್ಲಾಳರಾಯನ ದುರ್ಗದ ಮಡಿಲಿನಲ್ಲಿ. ಸಕಲೇಶಪುರವನ್ನು ಹಾದು ಗೊರೂರಿನಲ್ಲಿ ತಡೆದು ನಿಂತ ಅದೇ ನೀರು ಕಾಲುವೆಗಳಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆ ಹರಿಯುತ್ತದೆ. ಆ ಅಣೆಕಟ್ಟಿಗಾಗಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ಹೊರಗೆ ನಿಂತು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಇಂದು ಪ್ರವಾಸಿ ವಾಹನಗಳು ಇಳಿಯುವುದು ಅದೇ ನೀರಿನ ಅಂಚಿಗೆ. ಒಬ್ಬರು ಮನೆ ಬಿಟ್ಟು ಕೊಟ್ಟ ನೀರಿನಲ್ಲಿ ಮತ್ತೊಬ್ಬರು ಪೀಪಾಯಿ ತೊಳೆಯುವುದನ್ನು ನೋಡಿ ಸುಮ್ಮನಿರಲು ನಮ್ಮಿಂದ ಆಗದು.

ಸರ್ಕಾರದ ಪಾಲೂ ಇದರಲ್ಲಿದೆ. 2020-25 ರ ರಾಜ್ಯ ಪ್ರವಾಸೋದ್ಯಮ ನೀತಿಯಲ್ಲಿ ಕಾರವಾನ್ ಪ್ರವಾಸಕ್ಕೆ ಉತ್ತೇಜನ ದೊರೆಯಿತು. ನೆರೆಯ ಕೇರಳವೂ 2021 ರಲ್ಲಿ ಅದೇ ಹಾದಿ ಹಿಡಿಯಿತು. 2023 ರಲ್ಲಿ ಬೇಲೂರು, ಹಳೇಬೀಡುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ 2018 ರಲ್ಲಿ ನಡೆದದ್ದರಿಂದ ಮುಂದಿನದು 2030 ರ ಸುಮಾರಿಗೆ ಬರಬೇಕು. ಎಂದರೆ ಹಾಸನ ಜಿಲ್ಲೆಯ ರಸ್ತೆಗಳಿಗೆ ಗಾಡಿಗಳು ಇನ್ನೂ ಬರುತ್ತವೆ. ಕಾರವಾನ್ ಸಂಸ್ಕೃತಿ ಬೇರೂರಿರುವ ದೇಶಗಳಲ್ಲಿ ಗಾಡಿಯ ಕೊಳಕು ನೀರನ್ನು ಖಾಲಿ ಮಾಡಲು ನಿಗದಿತ ಗುಂಡಿಗಳು, ಕೊಳವೆಗಳು ಇರುತ್ತವೆ. ನಾವು ಗಾಡಿಯನ್ನು ತಂದೆವು, ಗುಂಡಿಯನ್ನು ತರಲಿಲ್ಲ. ಗುಂಡಿಯಿಲ್ಲದ ಕಡೆ ಗುಂಡಿಯಾಗುವುದು ಊರಿನ ಕೆರೆ.

ನಮ್ಮದೇ ತಪ್ಪನ್ನೂ ಒಪ್ಪಿಕೊಳ್ಳೋಣ. ಮಲೆನಾಡಿನ ಹೋಂಸ್ಟೇಗಳು ಹಳ್ಳಕ್ಕೆ ಬಿಡುವ ಚರಂಡಿಯನ್ನು ನಾವೆಷ್ಟು ಜನ ಪ್ರಶ್ನಿಸಿದ್ದೇವೆ? ನಮ್ಮ ನೆಂಟರದೇ ತೋಟದ ಮನೆಯೆಂದು ಮೌನವಾಗಿದ್ದೇವೆ. ಗಾಡಿಯವನನ್ನು ಬೈಯುವ ಹಕ್ಕು ಬೇಕಾದರೆ ಆ ಮೌನವನ್ನೂ ಮುರಿಯಬೇಕು.

ನಮ್ಮ ಆಗ್ರಹಗಳು ದೊಡ್ಡವೇನಲ್ಲ. ಕೆರೆಯ ಏರಿ, ಹಿನ್ನೀರಿನ ಅಂಚು, ಹೊಳೆಯ ದಡಗಳಲ್ಲಿ ವಸತಿ ವಾಹನಗಳು ರಾತ್ರಿ ತಂಗುವುದನ್ನು ಗ್ರಾಮ ಪಂಚಾಯಿತಿಗಳು ನಿರ್ಬಂಧಿಸಬೇಕು. ಕೊಳಕು ನೀರು ಖಾಲಿ ಮಾಡುವ ವ್ಯವಸ್ಥೆಯಿಲ್ಲದ ಸ್ಥಳವನ್ನು ಕಾರವಾನ್ ತಾಣವೆಂದು ಯಾರೂ ಘೋಷಿಸಬಾರದು. ಘೋಷಿಸುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಮಲಗುವ ಕೋಣೆಯಿರುವ ವಾಹನದಲ್ಲಿ ಒತ್ತಡದ ಅನಿಲದ ಸಿಲಿಂಡರುಗಳನ್ನು ಸಾರಿಗೆ ಅಧಿಕಾರಿಗಳು ತಪಾಸಣೆಗೆ ಒಳಪಡಿಸಬೇಕು. ಅಬಕಾರಿ ಕಾಯ್ದೆ ಗುಡಿಸಲಿಗೂ ಗಾಡಿಗೂ ಒಂದೇ ಆಗಿರಬೇಕು. ಇನ್ನು ಆ ಯುವಕನಂಥ ಗೆಳೆಯರಲ್ಲಿ ಒಂದು ವಿನಂತಿ: 2017 ರಿಂದ ಬೆಂಗಳೂರು ಮತ್ತು ಹಾಸನದ ನಡುವೆ ಶ್ರವಣಬೆಳಗೊಳದ ಮೂಲಕ ರೈಲು ಓಡುತ್ತಿದೆ. ಬರಿಗೈಯಲ್ಲಿ ಬನ್ನಿ. ಊರಿನವರ ಮನೆಯಲ್ಲಿ ಉಂಡು, ಊರಿನ ಜಗಲಿಯಲ್ಲಿ ಮಲಗಿ, ಬರಿಗಾಲಿನಲ್ಲಿ ಬೆಟ್ಟ ಹತ್ತಿ.

ಬೆಟ್ಟ ಹತ್ತಿದವರು ಅಲ್ಲಿ ಗೊಮ್ಮಟನಿಗೆ ಎದುರಾಗಿ ನಿಂತಿರುವ ಗುಳ್ಳಕಾಯಜ್ಜಿಯನ್ನೂ ನೋಡಿರುತ್ತಾರೆ. ಚಾವುಂಡರಾಯ ಕೊಡಕೊಡಗಳಲ್ಲಿ ಹಾಲು ಸುರಿಸಿದರೂ ಅದು ವಿಗ್ರಹದ ಪಾದ ಮುಟ್ಟಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳದ ಕಾಯಿಯ ಸಿಪ್ಪೆಯಲ್ಲಿ ತಂದ ಹಾಲು ಅಡಿಯಿಂದ ಮುಡಿಯವರೆಗೆ ತೋಯಿಸಿ, ಬೆಟ್ಟ ಇಳಿದು ಕೊಳ ತುಂಬಿತಂತೆ. ಕಥೆಯನ್ನು ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಬಹುಕಾಲದಿಂದ ಈ ಊರು ಆ ಮುದುಕಿಯನ್ನು ಬೆಟ್ಟದ ಮೇಲೆಯೇ ನಿಲ್ಲಿಸಿಕೊಂಡಿದೆ ಎಂಬುದು ನಿಜ. ಅವಳು ತಂದದ್ದು ಅಂಗೈಯಷ್ಟು. ಅವಳಿಂದ ಕೊಳ ತುಂಬಿತು. ನಾವು ಪೀಪಾಯಿ ತುಂಬ ತರುತ್ತಿದ್ದೇವೆ, ಹೋಗುವಾಗ ಕೊಳವನ್ನು ಕೆಡಿಸಿ ಹೋಗುತ್ತಿದ್ದೇವೆ.

ಏರಿಯ ಕೆಳಗಿನ ನಲ್ಲಿಗೆ ಆ ಸಂಜೆ ಏಳೂವರೆಗೆ ನೀರು ಬಂದಿತು. ಅಷ್ಟರಲ್ಲಿ ಗಾಡಿ ಹೊರಟುಹೋಗಿತ್ತು.